ಪೇಟೆಯ ಪುನರುಜ್ಜೀವನ ಮತ್ತು ನಿವಾಸಿಗಳ ಪಾತ್ರ
(ಶಿವಮೊಗ್ಗದ ಗಾಂಧಿ ಬಜಾರನ್ನು ನಿದರ್ಶನವಾಗಿಟ್ಟುಕೊಂಡು)

ಹಳೆಯ ಮನೆಯೊಂದನ್ನು ದುರಸ್ತಿ ಮಾಡಿಸಲು ಹೊರಟ ಯಜಮಾನನು ಮೊದಲು ಮನೆಯ ಮಂದಿಯನ್ನು ಕೇಳುತ್ತಾನೆ. ಮಳೆಗಾಲದಲ್ಲಿ ಹೆಂಚು ಎಲ್ಲಿ ಸೋರುವುದೆಂಬುದನ್ನು ಅಡುಗೆಮನೆಯಲ್ಲಿ ದುಡಿಯುವ ಹೆಂಗಸರು ಬಲ್ಲರು. ಯಾವ ಮೆಟ್ಟಿಲು ಎತ್ತರವಾಯಿತೆಂಬುದನ್ನು ಹಿರಿಯಜ್ಜಿ ಬಲ್ಲಳು. ಯಾವ ಮೂಲೆಯಲ್ಲಿ ಓದಲು ಬೆಳಕು ಸಾಲದೆಂಬುದನ್ನು ಶಾಲೆಗೆ ಹೋಗುವ ಮಗು ಬಲ್ಲದು. ಗಾರೆಕೆಲಸದವನು ಎಷ್ಟೇ ಕುಶಲಿಯಾದರೂ ಈ ಸಂಗತಿಗಳನ್ನು ತಾನಾಗಿ ಅರಿಯಲಾರನು. ಒಂದು ಮನೆಗೆ ಸಲ್ಲುವ ಈ ವಿವೇಕವು ಒಂದು ಬೀದಿಗೆ, ಒಂದು ಪೇಟೆಗೆ ಸಲ್ಲಬೇಡವೆ? ಆದರೆ ನಮ್ಮ ನಗರಗಳಲ್ಲಿ ಬಹುಕಾಲ ನಡೆದುಬಂದ ಪರಿಪಾಠವೇ ಬೇರೆ. ಮೊದಲು ನಕ್ಷೆ, ಬಳಿಕ ಅಂದಾಜುಪಟ್ಟಿ, ಅನಂತರ ಟೆಂಡರು. ಗುದ್ದಲಿ ನೆಲಕ್ಕೆ ಬಿದ್ದ ಮೇಲೆ ನಿವಾಸಿಗಳ ಸಭೆ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ!

ಇಲ್ಲಿ ಮೂರು ಮಾತುಗಳ ಅರ್ಥಭೇದವನ್ನು ತಿಳಿದುಕೊಳ್ಳುವುದು ಅವಶ್ಯ. ಊರ ಹೊರಗಿನ ಬಯಲಿನಲ್ಲಿ ಹೊಸ ಬಡಾವಣೆಯನ್ನು ನಿರ್ಮಿಸುವುದು ವಿಸ್ತರಣೆ. ಇದ್ದ ಬೀದಿಗೆ ಕಲ್ಲು ಹಾಸಿ, ದೀಪ ನಿಲ್ಲಿಸಿ, ಬಣ್ಣ ಬಳಿಯುವುದು ಅಲಂಕರಣ. ಜನವಸತಿಯೂ ವ್ಯಾಪಾರವೂ ಹೆಣೆದುಕೊಂಡಿರುವ ಹಳೆಯ ಪ್ರದೇಶವೊಂದರ ಕುಂದುಗಳನ್ನು ನಿವಾರಿಸಿ, ಅಲ್ಲಿ ಬಾಳುತ್ತಿರುವವರ ಬಾಳನ್ನೇ ಹಸನುಗೊಳಿಸುವುದು ಪುನರುಜ್ಜೀವನ. ಮೊದಲೆರಡು ಕಾರ್ಯಗಳು ಹಣ ಮತ್ತು ತಾಂತ್ರಿಕ ಪರಿಣತಿಯಿಂದ ಸಾಧ್ಯವಾದಾವು. ಮೂರನೆಯದು ಅಲ್ಲಿನ ಜನರ ಸಹಭಾಗಿತ್ವವಿಲ್ಲದೆ ಸಾಧ್ಯವಾಗದು. ಪುನರುಜ್ಜೀವನ ಕೈಗೂಡಿತೋ ಇಲ್ಲವೋ ಎಂಬುದನ್ನು ಅಳೆಯುವ ಒರೆಗಲ್ಲೂ ಒಂದೇ: ಕಾಮಗಾರಿಗೆ ಮುನ್ನ ಆ ಬೀದಿಯನ್ನು ನಂಬಿ ಬದುಕುತ್ತಿದ್ದವರು, ಕಾಮಗಾರಿ ಮುಗಿದ ಮೇಲೆಯೂ ಅಲ್ಲಿಯೇ, ಮೊದಲಿಗಿಂತ ನೆಮ್ಮದಿಯಾಗಿ ಬದುಕುತ್ತಿರುವರೆ?

ಗಾಂಧಿ ಬಜಾರಿನ ಸ್ವರೂಪ

ತುಂಗೆಯ ದಡದ ಕೋಟೆ, ಅದರ ಹೊರಗೆ ಪೇಟೆ: ಇದು ಶಿವಮೊಗ್ಗದ ಹಳೆಯ ರಚನೆ. ಶಿವಪ್ಪನಾಯಕ ವೃತ್ತದಿಂದ ಒಳಸರಿಯುವ ಗಾಂಧಿ ಬಜಾರು ಈ ಪೇಟೆಯ ಬೆನ್ನೆಲುಬು. ಬಟ್ಟೆ, ಬಂಗಾರ, ಪಾತ್ರೆ, ಗ್ರಂಥಿಗೆ, ದಿನಸಿ, ಹೂವು, ಹಣ್ಣು ಎಲ್ಲಕ್ಕೂ ಸುತ್ತಲಿನ ಹಳ್ಳಿಗಳ ಜನ ತಲೆಮಾರುಗಳಿಂದ ಇಲ್ಲಿಗೆ ಬರುತ್ತಿದ್ದಾರೆ. ಮದುವೆಯ ಜವಳಿಯಿಂದ ಹಿಡಿದು ಗೌರಿಹಬ್ಬದ ಬಾಗಿನದ ಮೊರದವರೆಗೆ ಒಂದೇ ಬೀದಿಯಲ್ಲಿ ಕೊಂಡು ಮುಗಿಸುವ ಅನುಕೂಲ ಇಂಥ ಪೇಟೆಯಲ್ಲಲ್ಲದೆ ಬೇರೆಲ್ಲಿಯೂ ದೊರಕದು.

ಆದರೆ ಮುಖ್ಯರಸ್ತೆಯ ಮಳಿಗೆಗಳ ಸಾಲೇ ಗಾಂಧಿ ಬಜಾರಲ್ಲ. ಅದರ ಇಕ್ಕೆಲಗಳಲ್ಲಿ ಕವಲೊಡೆದಿರುವ ಕೇರಿಗಳಲ್ಲಿ ಸಂಸಾರಗಳು ವಾಸಿಸುತ್ತವೆ. ಮುಂದೆ ಅಂಗಡಿ, ಹಿಂದೆ ಅಥವಾ ಮಹಡಿಯ ಮೇಲೆ ಮನೆ ಎಂಬುದು ಹಳೆಯ ಪೇಟೆಗಳ ಕ್ರಮ. ಮಳಿಗೆಯ ಒಡೆಯ ಒಬ್ಬನಾದರೆ ಬಾಡಿಗೆದಾರ ಇನ್ನೊಬ್ಬ. ಕೆಲಸಕ್ಕೆ ಬರುವ ಹುಡುಗರು ಬೇರೆ ಬಡಾವಣೆಯವರು. ಅಂಗಡಿಯ ಮುಂದೆ ಬುಟ್ಟಿಯಿಟ್ಟು ಹೂ ಕಟ್ಟುವ ತಾಯಿ, ತಳ್ಳುಗಾಡಿಯ ಹಣ್ಣಿನವನು, ಮೂಟೆ ಹೊರುವ ಹಮಾಲಿ, ಆಟೋ ಚಾಲಕ, ನಸುಕಿನಲ್ಲಿ ಬೀದಿಯನ್ನು ಗುಡಿಸುವ ಪೌರಕಾರ್ಮಿಕ, ಇವರೆಲ್ಲರೂ ಈ ಬೀದಿಯ ಪಾಲುದಾರರೇ. ಇವರಲ್ಲಿ ಅನೇಕರಿಗೆ ಅಲ್ಲಿ ಬಾಗಿಲ ಸಂಖ್ಯೆಯಿಲ್ಲ. ಕಂದಾಯದ ಪುಸ್ತಕದಲ್ಲಿ ಹೆಸರಿಲ್ಲ. ಕಂದಾಯ ಕಟ್ಟುವವರನ್ನು ಮಾತ್ರ ಕರೆದು ಸಭೆ ನಡೆಸಿದರೆ ಬೀದಿಯ ಅರ್ಧ ಬದುಕು ಸಭೆಯಿಂದ ಹೊರಗುಳಿದಂತಾಯಿತು. ‘ಎಲ್ಲರನ್ನೂ ಒಳಗೊಂಡ’ ಎಂಬ ವಿಶೇಷಣಕ್ಕೆ ನಗರಯೋಜನೆಯಲ್ಲಿ ಇರುವ ಅರ್ಥ ಇದೇ.

ಈ ಬೀದಿಗೆ ಇನ್ನೊಂದು ಮುಖವೂ ಉಂಟು. ಎರಡು ವರ್ಷಗಳಿಗೊಮ್ಮೆ ಜರುಗುವ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ ಗಾಂಧಿ ಬಜಾರು ದೇವಿಯ ತವರುಮನೆ. ಮೊದಲ ದಿನ ಅಮ್ಮನವರು ಇಲ್ಲಿ ಪೂಜೆಗೊಂಡು, ಬಳಿಕ ಮೆರವಣಿಗೆಯಲ್ಲಿ ಗದ್ದುಗೆಗೆ ತೆರಳುವರು. ಐದು ದಿನಗಳ ಈ ಉತ್ಸವದಲ್ಲಿ ಹಲವು ಸಮುದಾಯಗಳಿಗೆ ಅವರವರ ಸೇವೆ, ಅವರವರ ಸರದಿ ಗೊತ್ತುಪಟ್ಟಿದೆ. ಯಾವ ಇಂಜಿನಿಯರನೂ ನಕ್ಷೆ ಬರೆದುಕೊಡದೆಯೇ ಇಡೀ ಬೀದಿಯು ಮಳಿಗೆಸಾಲಿನಿಂದ ತವರುಮನೆಯಾಗಿ ಮಾರ್ಪಟ್ಟು, ಸಹಸ್ರಾರು ಭಕ್ತರ ಸಾಲನ್ನು ತನ್ನೊಳಗೆ ಇಂಬಿಟ್ಟುಕೊಳ್ಳುತ್ತದೆ. ಕೂಡಿ ಯೋಜಿಸುವ, ಸ್ಥಳವನ್ನೂ ಸಮಯವನ್ನೂ ಹಂಚಿಕೊಳ್ಳುವ ವಿದ್ಯೆ ಈ ಬೀದಿಗೆ ಹೊಸತಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಮೊದಲು ಎಣಿಕೆ, ಆಮೇಲೆ ಗೆರೆ

ಬಜಾರಿನ ಬಾಯಿಯಲ್ಲಿ ನಿಂತಿರುವ ಪ್ರತಿಮೆ ಕೆಳದಿಯ ಶಿವಪ್ಪನಾಯಕನದು. ಕ್ರಿ.ಶ. 1645ರಿಂದ 1660ರವರೆಗೆ ಆಳಿದ ಈ ದೊರೆಯ ‘ಶಿಸ್ತು’ ಎಂಬ ಕಂದಾಯ ವ್ಯವಸ್ಥೆ ನಾಡಿನಲ್ಲಿ ಹೆಸರಾದದ್ದು. ಗೆಜೆಟಿಯರುಗಳಲ್ಲಿ ದಾಖಲಾಗಿರುವಂತೆ, ಆತನು ಹಳ್ಳಿಹಳ್ಳಿಗಳಲ್ಲಿ ಒಂದೊಂದು ಬಗೆಯ ಭೂಮಿಗೆ ಒಂದೊಂದು ಹೊಲವನ್ನು ಆರಿಸಿ, ಸತತವಾಗಿ 12 ವರ್ಷಗಳ ಕಾಲ ತನ್ನ ಸ್ವಂತ ವೆಚ್ಚದಲ್ಲಿ ಸಾಗುವಳಿ ಮಾಡಿಸಿದನು. ಬಿತ್ತಿದ ಬೀಜವೆಷ್ಟು, ತಗುಲಿದ ಖರ್ಚೆಷ್ಟು, ಬಂದ ಫಸಲೆಷ್ಟು, ಅದರ ಬೆಲೆಯೆಷ್ಟು ಎಂಬುದನ್ನೆಲ್ಲ ಬರೆದಿಡಿಸಿ, ಸರಾಸರಿ ತೆಗೆದು, ಆಮೇಲೆ ಸರ್ಕಾರದ ಪಾಲನ್ನು ಮೂರನೆಯ ಒಂದು ಭಾಗವೆಂದು ಗೊತ್ತುಪಡಿಸಿದನು.

ಒಂದು ವರ್ಷದ ಫಸಲನ್ನು ನೋಡಿ ತೀರ್ಮಾನಿಸಲು ಆ ದೊರೆಗೆ ಅಧಿಕಾರವಿರಲಿಲ್ಲವೆ? ಇತ್ತು. ಆದರೆ ಮಳೆ ಬಂದ ವರ್ಷವೂ ಬಾರದ ವರ್ಷವೂ ಲೆಕ್ಕಕ್ಕೆ ಬರಬೇಕೆಂಬ ನ್ಯಾಯಬುದ್ಧಿ ಆತನಲ್ಲಿತ್ತು. ಇಂದಿನ ನಗರಯೋಜಕರು ಆ ಪ್ರತಿಮೆಯ ಅಡಿಯಲ್ಲಿ ನಿಂತು ಕಲಿಯಬೇಕಾದ ಪಾಠ ಇದೇ: ಬೀದಿಯನ್ನು ಒಂದು ಮಧ್ಯಾಹ್ನ ನೋಡಿ ಗೆರೆ ಎಳೆಯಕೂಡದು. ನಸುಕಿನಲ್ಲಿ, ಸಂಜೆಯಲ್ಲಿ, ಹಬ್ಬದ ಮುನ್ನಾದಿನ, ಜಡಿಮಳೆಯ ಆಷಾಢದಲ್ಲಿ ಅದು ಹೇಗಿರುವುದೆಂಬುದನ್ನು ಅರಿತ ಮೇಲೆ ಗೆರೆ.

ಗೆಡ್ಡಿಸ್‌ರ ವಿಧಾನ

ಇದೇ ತತ್ತ್ವವನ್ನು ಆಧುನಿಕ ನಗರಯೋಜನಾಶಾಸ್ತ್ರದಲ್ಲಿ ಪ್ರತಿಪಾದಿಸಿದವರು ಸ್ಕಾಟ್‌ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್. ಮೂಲತಃ ಜೀವಶಾಸ್ತ್ರಜ್ಞರಾದ ಅವರು ಮದರಾಸಿನ ಗವರ್ನರ್ ಲಾರ್ಡ್ ಪೆಂಟ್‌ಲೆಂಡರ ಆಹ್ವಾನದ ಮೇರೆಗೆ 1914ರಲ್ಲಿ ಭಾರತಕ್ಕೆ ಬಂದು, ಮದರಾಸು ಪ್ರಾಂತದ ಹಲವು ಪಟ್ಟಣಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ವರದಿ ಬರೆದರು. ಅಂದು ಆ ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿಯೂ ಅವುಗಳಲ್ಲೊಂದು.

ಆ ಕಾಲದ ಪೌರಸಭೆಗಳ ರೂಢಿಯೆಂದರೆ, ಇಕ್ಕಟ್ಟಾದ ಕೇರಿಯ ನಡುವೆ ನೇರವಾದ ಅಗಲ ರಸ್ತೆಯೊಂದನ್ನು ಹಾಯಿಸಿ ಅಡ್ಡ ಬಂದ ಮನೆಗಳನ್ನೆಲ್ಲ ಕೆಡವುವುದು. ಗೆಡ್ಡಿಸ್ ಇದನ್ನು ಖಂಡಿಸಿದರು. ಮನೆ ಕಳೆದುಕೊಂಡವರು ಪಕ್ಕದ ಕೇರಿಗೆ ನುಗ್ಗಿ ಅದನ್ನು ಇನ್ನಷ್ಟು ಇಕ್ಕಟ್ಟು ಮಾಡುವರೇ ವಿನಾ ರೋಗ ವಾಸಿಯಾಗದೆಂದು ತೋರಿಸಿಕೊಟ್ಟರು. ರೋಗ ನಿದಾನ ಮೊದಲು, ಚಿಕಿತ್ಸೆ ಆಮೇಲೆ ಎಂಬುದು ಅವರ ಸೂತ್ರ. ತೀರ ಶಿಥಿಲವಾದ ಒಂದೆರಡು ಕಟ್ಟಡಗಳನ್ನು ಮಾತ್ರ ತೆಗೆದು, ಅಲ್ಲೊಂದು ಚಿಕ್ಕ ಬಯಲು, ಒಂದು ಮರ, ಒಂದು ಬಾವಿಕಟ್ಟೆಗೆ ಎಡೆಮಾಡಿ, ಉಳಿದ ಬೀದಿಯನ್ನು ಇದ್ದಂತೆಯೇ ಸುಧಾರಿಸುವ ಕ್ರಮವನ್ನು ಅವರು ‘ಸಂರಕ್ಷಕ ಶಸ್ತ್ರಚಿಕಿತ್ಸೆ’ ಎಂದು ಕರೆದರು.

ಇಂದೂರಿನಲ್ಲಿ ಪ್ಲೇಗಿನ ಹಾವಳಿ ಇದ್ದಾಗ ಅವರು ಕೈಗೊಂಡ ಉಪಾಯ ಸ್ವಾರಸ್ಯಕರವಾದುದು. ದೀಪಾವಳಿಯ ಮೆರವಣಿಗೆಯು ಆ ವರ್ಷ ರೂಢಿಯ ದಾರಿಯಲ್ಲಿ ಸಾಗದೆ, ಯಾವ ಬೀದಿಯಲ್ಲಿ ಹೆಚ್ಚು ಮನೆಗಳು ಶುಚಿಗೊಂಡು ದುರಸ್ತಿಯಾಗಿರುವುವೋ ಆ ಬೀದಿಯಲ್ಲೇ ಸಾಗುವುದೆಂದು ಸಾರಿಸಿದರು. ಊರಿಗೆ ಊರೇ ಪೊರಕೆ ಹಿಡಿಯಿತು. ಮೆರವಣಿಗೆಯಲ್ಲಿ ಝಾಡಮಾಲಿಗಳು ಬಿಳಿಯ ಬಟ್ಟೆ ಧರಿಸಿ, ಹೂಮಾಲೆ ತೊಟ್ಟು, ಹೊಸ ಪೊರಕೆಗಳನ್ನು ಹಿಡಿದು ಗೌರವಸ್ಥಾನದಲ್ಲಿ ನಡೆದರು. ಹಬ್ಬವನ್ನೂ ಊರಿನ ಅಭಿಮಾನವನ್ನೂ ನಗರಸುಧಾರಣೆಯ ಸಾಧನವಾಗಿ ಬಳಸಿದ ಈ ಪ್ರಸಂಗವು, ಜಾತ್ರೆಯ ಬೀದಿಯಾದ ಗಾಂಧಿ ಬಜಾರಿಗೆ ಹತ್ತಿರವಾದುದು. ಆಜ್ಞೆಯಿಂದ ಆಗದ ಕೆಲಸವು ಅಭಿಮಾನದಿಂದ ಆದೀತು. ಬೀದಿ ಗುಡಿಸುವವರಿಗೆ ಮನ್ನಣೆ ದೊರೆತಲ್ಲಿ ಬೀದಿಗೂ ಮನ್ನಣೆ ದೊರೆಯುತ್ತದೆ.

ಕಾನೂನು ಕೊಟ್ಟ ಹಿಡಿಕೆಗಳು

ಜನರನ್ನು ಕೇಳುವುದು ಅಧಿಕಾರಿಗಳ ಔದಾರ್ಯಕ್ಕೆ ಬಿಟ್ಟ ವಿಷಯವೆಂಬ ಭಾವನೆ ಅನೇಕರಲ್ಲಿದೆ. ಇದು ಸರಿಯಲ್ಲ. ಕಾನೂನಿನಲ್ಲಿ ಅದಕ್ಕೆ ಖಚಿತವಾದ ಹಿಡಿಕೆಗಳಿವೆ.

ಮೊದಲನೆಯದು ವಾರ್ಡು ಸಮಿತಿ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು 3 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳಿರಬೇಕೆಂದು ವಿಧಿಸಿದೆ. 2011ರ ಜನಗಣತಿಯಂತೆ ಶಿವಮೊಗ್ಗದ ಜನಸಂಖ್ಯೆ 3,22,650. 2013ರಲ್ಲಿ ನಗರಸಭೆಯು ಮಹಾನಗರಪಾಲಿಕೆಯಾಯಿತು. ಹೀಗಾಗಿ ಈ ವಿಧಿ ಶಿವಮೊಗ್ಗಕ್ಕೆ ನೇರವಾಗಿ ಅನ್ವಯಿಸುತ್ತದೆ. ಕರ್ನಾಟಕದ ಪೌರನಿಗಮಗಳ ಕಾಯ್ದೆಯ ಪ್ರಕಾರ ವಾರ್ಡಿನ ಸದಸ್ಯರೇ ಸಮಿತಿಯ ಅಧ್ಯಕ್ಷರು. ನಾಮಕರಣಗೊಳ್ಳುವ 10 ಮಂದಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ನಿವಾಸಿಗಳ ಸಂಘಗಳಿಗೆ ಸ್ಥಾನಗಳು ಮೀಸಲು. ಆದರೆ ಸಮಿತಿಯ ಜೀವ ಚುನಾಯಿತ ಪ್ರತಿನಿಧಿಯಲ್ಲಿದೆಯೆಂಬುದನ್ನು ಮರೆಯಬಾರದು. 2018ರಲ್ಲಿ ಚುನಾಯಿತವಾದ ಪಾಲಿಕೆಯ ಅವಧಿ 2023ರ ಕೊನೆಯಲ್ಲಿ ಮುಗಿದು ಆಡಳಿತಾಧಿಕಾರಿಯ ಆಡಳಿತ ಬಂದಾಗ, ವಾರ್ಡಿನ ದನಿಯನ್ನು ಮೇಲಕ್ಕೆ ಮುಟ್ಟಿಸುವ ಮೊದಲ ಮೆಟ್ಟಿಲೇ ಇಲ್ಲವಾಯಿತು. ಸಕಾಲದಲ್ಲಿ ಚುನಾವಣೆ ನಡೆಯುವುದು ನಗರಯೋಜನೆಗೂ ಸಂಬಂಧಿಸಿದ ಸಂಗತಿ.

ಎರಡನೆಯದು 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ. ಬೀದಿಯಲ್ಲಿ ವ್ಯಾಪಾರ ಮಾಡುವುದು ಯುಕ್ತ ನಿರ್ಬಂಧಗಳಿಗೆ ಒಳಪಟ್ಟ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಸೋದನ್ ಸಿಂಗ್ ಮೊಕದ್ದಮೆಯಲ್ಲಿ ತೀರ್ಪಿತ್ತಿತ್ತು. ಆ ಹಕ್ಕಿಗೆ ಕಾಯ್ದೆಯು ರೂಪ ಕೊಟ್ಟಿತು. ಪ್ರತಿ ನಗರದಲ್ಲಿ ಪಟ್ಟಣ ವ್ಯಾಪಾರ ಸಮಿತಿಯಿರಬೇಕು. ಅದರಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿದ ವ್ಯಾಪಾರಿ ಪ್ರತಿನಿಧಿಗಳಿರಬೇಕು. ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. 5 ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಯಬೇಕು. ಸಮೀಕ್ಷೆ ಮುಗಿದು ಗುರುತುಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಕೂಡದು. ಸ್ಥಳಾಂತರಿಸಬೇಕಾದಲ್ಲಿ 30 ದಿನಗಳ ಮುನ್ಸೂಚನೆ ಕೊಡಬೇಕು. ಜನಸಂಖ್ಯೆಯ ಶೇಕಡ 2.5ರವರೆಗೆ ವ್ಯಾಪಾರಿಗಳಿಗೆ ಎಡೆ ಕಲ್ಪಿಸಬೇಕೆಂಬ ಅದರ ನಿಯಮವನ್ನು 2011ರ ಜನಗಣತಿಗೆ ಅನ್ವಯಿಸಿದರೆ ಶಿವಮೊಗ್ಗದಲ್ಲಿ ಸುಮಾರು 8,000 ಮಂದಿಗೆ ಅವಕಾಶವುಂಟು. ಇನ್ನೂ ಮಹತ್ತ್ವದ ಮಾತೊಂದು ಅದರ ಅನುಸೂಚಿಯಲ್ಲಿದೆ: 50 ವರ್ಷಗಳಿಗೂ ಮೇಲ್ಪಟ್ಟು ಬೀದಿ ವ್ಯಾಪಾರ ನಡೆದುಬಂದ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆಗಳೆಂದು ಘೋಷಿಸಬೇಕು, ಅಲ್ಲಿನ ವ್ಯಾಪಾರಿಗಳನ್ನು ಬೇರೆಡೆಗೆ ಕಳುಹಿಸಕೂಡದು. ಗಾಂಧಿ ಬಜಾರಿನಂತಹ ಹಳೆಯ ಪೇಟೆಯ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ಪರಿಶೀಲಿಸಬೇಕಾದ ವಿಧಿ ಇದು.

ಮೂರನೆಯದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಶಿವಮೊಗ್ಗ ಮತ್ತು ಭದ್ರಾವತಿ ಎರಡಕ್ಕೂ ಸೇರಿದಂತೆ ಒಂದೇ ನಗರಾಭಿವೃದ್ಧಿ ಪ್ರಾಧಿಕಾರವಿದ್ದು, ಮಹಾಯೋಜನೆಯ ಕರಡು ಪ್ರಕಟವಾದಾಗ ಸಾರ್ವಜನಿಕರು ಆಕ್ಷೇಪಣೆ, ಸಲಹೆಗಳನ್ನು ಲಿಖಿತವಾಗಿ ಸಲ್ಲಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಪಾದಚಾರಿ ಮಾರ್ಗವು ಊರುಗೋಲಿನವರಿಗೂ ಗಾಲಿಕುರ್ಚಿಯವರಿಗೂ ಎಟುಕುವಂತಿರಬೇಕೆಂಬ ಹೊಣೆಯನ್ನು ಹೊರಿಸಿದೆ.

ಅನುಭವದ ಪಾಠಗಳು

ಹಿಡಿಕೆಗಳಿದ್ದರೂ ಹಿಡಿಯುವವರಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ಇತ್ತೀಚಿನ ವರ್ಷಗಳ ಅನುಭವವೇ ನಿದರ್ಶನ. 2015ರ ಜೂನ್ 25ರಂದು ಆರಂಭವಾದ ಸ್ಮಾರ್ಟ್ ಸಿಟಿ ಯೋಜನೆಗೆ ಶಿವಮೊಗ್ಗವು 2016ರ ಸೆಪ್ಟೆಂಬರಿನಲ್ಲಿ ಆಯ್ಕೆಯಾಯಿತು. ಆಯ್ಕೆಯ ಸ್ಪರ್ಧೆಯಲ್ಲಿ ನಾಗರಿಕರ ಅಭಿಪ್ರಾಯ ಸಂಗ್ರಹಕ್ಕೂ ಅಂಕಗಳಿದ್ದವು. ರಸ್ತೆ, ಪಾದಚಾರಿ ಮಾರ್ಗ, ಹಿತ್ತಿಲ ಕನ್ಸರ್ವೆನ್ಸಿ ಓಣಿ, ಉದ್ಯಾನ, ತುಂಗೆಯ ದಡ ಮುಂತಾದ ಕಡೆ ಕೆಲಸಗಳು ನಡೆದವು. ಒಂದು ಕಾಲಕ್ಕೆ ಮಲ ಹೊರುವವರ ದಾರಿಯಾಗಿದ್ದು ಬಳಿಕ ಕಸದ ತಿಪ್ಪೆಗಳಾಗಿದ್ದ ಓಣಿಗಳು ನಡೆದಾಡುವ ಹಾದಿಗಳಾದುದು ಮೆಚ್ಚತಕ್ಕ ವಿಷಯ. ಆದರೆ ಯೋಜನೆಯ ಅನುಷ್ಠಾನವು ಪಾಲಿಕೆಯ ಸಭೆಗಿಂತ ಪ್ರತ್ಯೇಕವಾದ ಕಂಪನಿಯ ಆಡಳಿತ ಮಂಡಳಿಗೆ ಸೇರಿತ್ತು. ಅಗೆದ ರಸ್ತೆ, ಏರಿದ ಧೂಳು, ವಿಳಂಬ, ಗುಣಮಟ್ಟ ಇವುಗಳ ಬಗೆಗೆ ನಾಗರಿಕ ಸಂಘಟನೆಗಳು ಪ್ರಶ್ನೆಯೆತ್ತಿದವು. ಯೋಜನೆಯು 2025ರ ಮಾರ್ಚ್ 31ಕ್ಕೆ ಮುಕ್ತಾಯವಾಯಿತು. ಆರಂಭದಲ್ಲಿ ಒಮ್ಮೆ ಅಭಿಪ್ರಾಯ ಕೇಳುವುದು ಬೇರೆ, ಕೊನೆಯ ಕಲ್ಲು ಕೂರುವವರೆಗೆ ಜೊತೆಯಲ್ಲಿಟ್ಟುಕೊಳ್ಳುವುದು ಬೇರೆ ಎಂಬುದೇ ಇದರ ಪಾಠ. ಅಮೆರಿಕದ ಶೆರಿ ಆರ್ನ್‌ಸ್ಟೀನ್ ಎಂಬವರು 1969ರಲ್ಲಿ ಜನಸಹಭಾಗಿತ್ವವನ್ನು 8 ಮೆಟ್ಟಿಲುಗಳ ಏಣಿಗೆ ಹೋಲಿಸಿದರು. ಕಣ್ಣೊರೆಸುವುದು ಕೆಳಗಿನ ಮೆಟ್ಟಿಲು. ತಿಳಿಸುವುದು, ಕೇಳುವುದು ನಡುವಣವು. ಕೂಡಿ ನಿರ್ಧರಿಸುವುದು ಮೇಲಿನದು. ನಮ್ಮ ಬಹುಪಾಲು ಸಭೆಗಳು ನಡುವಣ ಮೆಟ್ಟಿಲಿನಲ್ಲಿಯೇ ನಿಂತುಬಿಡುತ್ತವೆ.

ಬೆಂಗಳೂರಿನ ಬಸವನಗುಡಿಯಲ್ಲಿ ಇದೇ ಹೆಸರಿನ ಇನ್ನೊಂದು ಗಾಂಧಿ ಬಜಾರಿದೆ. ಪಾದಚಾರಿ ಮಾರ್ಗವನ್ನು ಅಗಲಗೊಳಿಸಿ, ಬೀದಿ ವ್ಯಾಪಾರಿಗಳಿಗೆ ನೆಲೆ ಕಲ್ಪಿಸುವ ಉದ್ದೇಶದಿಂದ ಅಲ್ಲಿ 2022ರಿಂದೀಚೆಗೆ ಕಾಮಗಾರಿ ನಡೆಯಿತು. ನಡೆಯುವವರಿಗೆ ಪ್ರಾಶಸ್ತ್ಯ ಕೊಡುವ ಉದ್ದೇಶ ಒಳ್ಳೆಯದೇ. ಆದರೆ ಕೆಲಸ ನಿಧಾನವಾದಷ್ಟೂ ಗಿರಾಕಿಗಳು ದೂರವಾದರೆಂದು ಅಂಗಡಿಯವರೂ, ನೆಲೆ ತಪ್ಪಿತೆಂದು ಬೀದಿ ವ್ಯಾಪಾರಿಗಳೂ ದೂರಿದರು. ಒಂದು ಹಬ್ಬದ ವ್ಯಾಪಾರ ತಪ್ಪಿದರೆ ಸಣ್ಣ ವ್ಯಾಪಾರಿಗೆ ವರ್ಷದ ಲೆಕ್ಕವೇ ತಪ್ಪುತ್ತದೆ. ಆದಕಾರಣ ಏನನ್ನು ಕಟ್ಟಬೇಕೆಂಬುದರಷ್ಟೇ ಯಾವಾಗ, ಎಷ್ಟೆಷ್ಟು ಭಾಗವಾಗಿ ಕಟ್ಟಬೇಕೆಂಬುದೂ ಜನರೊಡನೆ ನಿರ್ಧರಿಸಬೇಕಾದ ವಿಷಯ.

ಭದ್ರಾವತಿಯ ಪಾಠ ಇನ್ನೊಂದು ಬಗೆಯದು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1930ರ ದಶಕದಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಇವುಗಳ ಆಶ್ರಯದಲ್ಲಿ ಅಚ್ಚುಕಟ್ಟಾದ ವಸತಿಗೃಹಗಳ ಸಾಲುಗಳು ಎದ್ದವು. ನೇರ ಬೀದಿ, ಶಾಲೆ, ಆಸ್ಪತ್ರೆ, ಆಟದ ಮೈದಾನ ಎಲ್ಲವೂ ಇದ್ದವು. ಆದರೆ 2015ರಲ್ಲಿ ಕಾಗದದ ಉತ್ಪಾದನೆ ನಿಂತಾಗ, ಒಂದೇ ಆಸರೆಯನ್ನು ನಂಬಿದ್ದ ಬಡಾವಣೆಯ ಕಳೆಯೇ ಕುಂದಿತು. ಗಾಂಧಿ ಬಜಾರು ಅಷ್ಟು ಅಚ್ಚುಕಟ್ಟಲ್ಲ. ಆದರೆ ನೂರಾರು ಸಣ್ಣ ಕಸುಬುಗಳು ಅದನ್ನು ಎತ್ತಿ ಹಿಡಿದಿವೆ. ಈ ವೈವಿಧ್ಯವೇ ಅದರ ಬಲ. ಸುಧಾರಣೆಯ ಹೆಸರಿನಲ್ಲಿ ಸಣ್ಣ ಕಸುಬುಗಳನ್ನು ಗುಡಿಸಿಹಾಕಿದರೆ ಬೀದಿ ಹೊಳೆದೀತು, ಬಲ ಹೋದೀತು.

ಕ್ರಮ ಹೇಗಿರಬೇಕು?

ಇಂಥ ಪೇಟೆಯಲ್ಲಿ ನಿವಾಸಿಗಳೊಡಗೂಡಿ ಯೋಜಿಸುವ ಕ್ರಮವನ್ನು ಸ್ಥೂಲವಾಗಿ ಹೀಗೆ ವಿವರಿಸಬಹುದು.

ಮೊದಲನೆಯದಾಗಿ ಸಮೀಕ್ಷೆ. ಕಟ್ಟಡಗಳನ್ನಷ್ಟೇ ಅಲ್ಲದೆ ಬಳಕೆಯನ್ನೂ ಎಣಿಸಬೇಕು. ನಸುಕಿನ 5 ಗಂಟೆಯಿಂದ ರಾತ್ರಿ ಬಾಗಿಲೆಳೆಯುವವರೆಗೆ ಗಂಟೆಗೊಮ್ಮೆ ನಡೆಯುವವರೆಷ್ಟು, ಸೈಕಲ್ ಎಷ್ಟು, ದ್ವಿಚಕ್ರ ವಾಹನ ಎಷ್ಟು, ಸರಕಿನ ಗಾಡಿ ಯಾವಾಗ ಬರುವುದು, ಅಂಗಡಿಯವರದೇ ವಾಹನಗಳು ಎಷ್ಟು ಹೊತ್ತು ನಿಂತಿರುತ್ತವೆ, ಮಳೆನೀರು ಎಲ್ಲಿ ನಿಲ್ಲುತ್ತದೆ, ಹೆಂಗಸರಿಗೆ ಶೌಚಾಲಯ ಎಷ್ಟು ದೂರ ಎಂಬುದೆಲ್ಲ ಬರಹಕ್ಕೆ ಬರಬೇಕು. ಚರಂಡಿಯ ವಿಷಯದಲ್ಲಿ ಪೌರಕಾರ್ಮಿಕರೇ ಪರಮ ಪ್ರಮಾಣ. ಎಲ್ಲಿ ಕಟ್ಟಿಕೊಳ್ಳುತ್ತದೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಎರಡನೆಯದಾಗಿ ಆಲಿಸುವಿಕೆ. ಕಚೇರಿಯ ಸಭಾಂಗಣದಲ್ಲಿ ಹಗಲು 11 ಗಂಟೆಗೆ ಕರೆದ ಸಭೆಗೆ ಹಮಾಲಿ ಬರಲಾರ, ಹೂವಿನವಳು ಬರಲಾರಳು. ಬಂದರೂ ದೊಡ್ಡ ವರ್ತಕರ ಮುಂದೆ ಬಾಯಿಬಿಡಲಾರರು. ಆದ್ದರಿಂದ ಕೇಳುವವರೇ ಅವರಿದ್ದಲ್ಲಿಗೆ, ಅವರಿಗೆ ಬಿಡುವಾದ ಹೊತ್ತಿಗೆ ಹೋಗಬೇಕು. ಮಹಿಳೆಯರು, ಬಾಡಿಗೆದಾರರು, ಬೀದಿ ವ್ಯಾಪಾರಿಗಳು, ವೃದ್ಧರು, ಅಂಗವಿಕಲರು ಇವರೊಡನೆ ಪ್ರತ್ಯೇಕ ಮಾತುಕತೆ ನಡೆದು, ಆಮೇಲೆ ಎಲ್ಲರ ಕೂಡುಸಭೆ ನಡೆಯಬೇಕು. ಹೇಳಿದ ಮಾತು ದಾಖಲಾಯಿತೆಂಬುದನ್ನು ಕನ್ನಡದಲ್ಲಿ ಬರೆದು ಬೀದಿಯಲ್ಲಿಯೇ ತೂಗುಹಾಕಬೇಕು.

ಮೂರನೆಯದಾಗಿ ಪರೀಕ್ಷಾರ್ಥ ಪ್ರಯೋಗ. ಕಾಂಕ್ರೀಟು ಸುರಿಯುವ ಮುನ್ನ ಸುಣ್ಣದ ಗೆರೆ ಎಳೆದು, ಕಲ್ಲಿನ ಬದಲು ಮರಳಿನ ಚೀಲ ಇಟ್ಟು, ಕೆಲವು ದಿನ ಹೊಸ ವ್ಯವಸ್ಥೆಯನ್ನು ನಡೆಸಿ ನೋಡಬೇಕು. ವಾಹನಗಳನ್ನು ಸಂಜೆಯ ವೇಳೆ ಹೊರಗೆ ನಿಲ್ಲಿಸಿದರೆ ವ್ಯಾಪಾರ ಇಳಿಯುವುದೋ ಏರುವುದೋ ಎಂಬ ವಾದವು ಮಾತಿನಿಂದ ಬಗೆಹರಿಯದು, ಲೆಕ್ಕದಿಂದ ಬಗೆಹರಿಯುತ್ತದೆ. ಸುಣ್ಣದ ಗೆರೆಯನ್ನು ಅಳಿಸುವುದು ಸುಲಭ, ಕಾಂಕ್ರೀಟನ್ನು ಒಡೆಯುವುದು ದುಬಾರಿ.

ನಾಲ್ಕನೆಯದಾಗಿ ಹಣದ ವಿವರ. ಒಟ್ಟು ಮೊತ್ತವೆಷ್ಟು, ಯಾವ ಕೆಲಸಕ್ಕೆ ಎಷ್ಟು, ಗುತ್ತಿಗೆಯ ಅವಧಿಯೆಷ್ಟು ಎಂಬುದು ಎಲ್ಲರಿಗೂ ಕಾಣುವಂತಿರಬೇಕು. ಬ್ರೆಜಿಲಿನ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಿಂದ ನಗರದ ಆಯವ್ಯಯದ ಒಂದು ಭಾಗವನ್ನು ಬಡಾವಣೆಯ ಜನರೇ ಸಭೆ ಸೇರಿ ಗೊತ್ತುಪಡಿಸುವ ಕ್ರಮ ಬಂದು, ಜಗತ್ತಿನ ಗಮನ ಸೆಳೆಯಿತು. ಚರಂಡಿ ಮೊದಲೋ ಅಲಂಕಾರದ ದೀಪ ಮೊದಲೋ ಎಂದು ಕೇಳಿದಾಗ, ಮೊಣಕಾಲು ನೀರಿನಲ್ಲಿ ನಿಂತು ಬಲ್ಲವರು ಸರಿಯಾದ ಉತ್ತರವನ್ನೇ ಕೊಡುವರು.

ಐದನೆಯದಾಗಿ ಕಾಮಗಾರಿಯ ಕಾಲಸೂಚಿ. ಮಲೆನಾಡಿನ ಹೆಬ್ಬಾಗಿಲಾದ ಈ ಊರಿನಲ್ಲಿ ಮುಂಗಾರಿಗೆ ಮೊದಲೇ ಅಗೆತದ ಕೆಲಸ ಮುಗಿಯಬೇಕು. ಗೌರಿಗಣೇಶ, ದಸರೆ, ದೀಪಾವಳಿಗಳ ವ್ಯಾಪಾರಕ್ಕೆ, ಜಾತ್ರೆಯ ವರ್ಷವಾದರೆ ಜಾತ್ರೆಗೆ ಅಡ್ಡಿಯಾಗಬಾರದು. ಇಡೀ ಬೀದಿಯನ್ನು ಒಮ್ಮೆಗೇ ಅಗೆಯದೆ ತುಂಡುತುಂಡಾಗಿ ಮುಗಿಸಿ, ಎಬ್ಬಿಸಿದ ವ್ಯಾಪಾರಿಗೆ ಅದೇ ಬೀದಿಯ ಮುಗಿದ ಭಾಗದಲ್ಲಿ ತಾತ್ಕಾಲಿಕ ನೆಲೆ ಕೊಡಬೇಕು. ಅವನು ಯಾವ ದಿನ ಮೂಲಸ್ಥಾನಕ್ಕೆ ಮರಳುವನೆಂಬುದು ಲಿಖಿತವಾಗಿರಬೇಕು.

ಕೊನೆಯದಾಗಿ ಮರು ಎಣಿಕೆ. ವರ್ಷ ಕಳೆದ ಮೇಲೆ ಅದೇ ಪಟ್ಟಿಯನ್ನು ಹಿಡಿದು ಮತ್ತೆ ಎಣಿಸಬೇಕು. ಬಾಡಿಗೆ ಏರಿ ಯಾವ ಹಳೆಯ ಅಂಗಡಿ ಮುಚ್ಚಿತು? ಯಾವ ಬುಟ್ಟಿ ಕಾಣೆಯಾಯಿತು? ಬೀದಿ ಚೆಲುವಾದ ಮೇಲೆ ಬಡವರನ್ನು ಹೊರದೂಡುವುದು ಅನೇಕ ವೇಳೆ ಅಧಿಕಾರಿಯ ಲಾಠಿಯಲ್ಲ, ಏರಿದ ಬಾಡಿಗೆ.

ಒಮ್ಮತದ ಕಷ್ಟ

ಇಷ್ಟೆಲ್ಲ ಕ್ರಮಗಳನ್ನು ಅನುಸರಿಸಿದರೂ ಎಲ್ಲರೂ ಒಪ್ಪುವ ಯೋಜನೆ ತಾನಾಗಿ ಮೂಡಿಬರುವುದೆಂದು ತಿಳಿಯುವುದು ಭ್ರಮೆ. ಅಂಗಡಿಯವನಿಗೆ ತನ್ನ ಬಾಗಿಲಿನ ಮುಂದೆ ವಾಹನ ನಿಲ್ಲಬೇಕು. ಕೇರಿಯ ತಾಯಿಗೆ ಮಗು ನಿರ್ಭಯವಾಗಿ ನಡೆಯಬೇಕು. ಕಂದಾಯ ಕಟ್ಟುವ ವರ್ತಕನಿಗೆ ತನ್ನೆದುರಿನ ಬುಟ್ಟಿ ಅಡ್ಡಿ. ಬುಟ್ಟಿಯವಳಿಗೆ ಆ ನೆರಳೇ ಬದುಕು. ಇವರಿಬ್ಬರ ಬೇಡಿಕೆಯಲ್ಲಿಯೂ ನ್ಯಾಯವಿದೆ. ಯೋಜಕನ ಕೆಲಸ ಇವುಗಳ ನಡುವೆ ಒಂದನ್ನು ಆರಿಸುವುದಲ್ಲ, ಸ್ಥಳ ಮತ್ತು ಸಮಯಗಳ ಹಂಚಿಕೆಯನ್ನು ಕಂಡುಹಿಡಿಯುವುದು. ಸರಕಿನ ಗಾಡಿಗೆ ಬೆಳಗಿನ ಜಾವ, ನಡೆಯುವವರಿಗೆ ಸಂಜೆ, ವಾಹನಕ್ಕೆ ಬೀದಿಯ ಹೊರಗಣ ನಿಲ್ದಾಣ, ಬುಟ್ಟಿಗೆ ಗುರುತು ಹಾಕಿದ ಜಾಗ: ಇಂಥ ಹಂಚಿಕೆಯಲ್ಲಿ ಯಾರೂ ಪೂರ್ತಿ ಗೆಲ್ಲರು, ಯಾರೂ ಪೂರ್ತಿ ಸೋಲರು.

ಇದಕ್ಕಿಂತ ಆಳವಾದ ಕಷ್ಟ ನಂಬಿಕೆಯದು. 2022ರ ಫೆಬ್ರವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ನಗರದಲ್ಲಿ ನಿಷೇಧಾಜ್ಞೆ ಜಾರಿಯಾಗಿ ಪೇಟೆಯ ಬಾಗಿಲುಗಳು ಮುಚ್ಚಿದವು. ಅದೇ ವರ್ಷದ ಮಾರ್ಚಿನ ಜಾತ್ರೆಯಲ್ಲಿ ಅಂಗಡಿ ಹಾಕಲು ಯಾರಿಗೆ ಅವಕಾಶವೆಂಬ ಪ್ರಶ್ನೆಯೂ ವಿವಾದವಾಯಿತು. ಬಾಗಿಲು ಮುಚ್ಚಿದ ದಿನ ದೊಡ್ಡ ಮಳಿಗೆ ತಡೆದುಕೊಂಡೀತು. ಅಂದಂದಿನ ದುಡಿಮೆಯಲ್ಲಿ ಅಂದಂದಿನ ಅಕ್ಕಿ ಕೊಳ್ಳುವವರು, ಅವರು ಯಾವ ಮತದವರೇ ಆಗಲಿ, ತಡೆದುಕೊಳ್ಳಲಾರರು. ಬೀದಿಯ ಪಾಲುದಾರರು ಯಾರೆಂಬ ಪ್ರಶ್ನೆಗೆ ಸಂಕುಚಿತ ಉತ್ತರ ಕೊಟ್ಟ ಊರಿನಲ್ಲಿ ಎಷ್ಟು ಕೋಟಿ ವೆಚ್ಚದ ಕಾಮಗಾರಿಯೂ ಪುನರುಜ್ಜೀವನವಾಗದು. ಒಂದೇ ಚರಂಡಿ, ಒಂದೇ ದೀಪ, ಒಂದೇ ನೆರಳಿನ ಬಗೆಗೆ ನೆರೆಹೊರೆಯವರು ಒಂದೆಡೆ ಕುಳಿತು ಮಾತನಾಡುವ ಅಭ್ಯಾಸವು, ಮುರಿದ ನಂಬಿಕೆಯನ್ನು ಮತ್ತೆ ಬೆಸೆಯುವ ದಾರಿಗಳಲ್ಲಿ ಒಂದು. ಯೋಜನೆಯ ಫಲಕ್ಕಿಂತ ಯೋಜಿಸುವ ಕ್ರಿಯೆಯೇ ಕೆಲವೊಮ್ಮೆ ಹೆಚ್ಚಿನ ಫಲ.

ಶಾಲೆಗಳ ಕರ್ತವ್ಯ

ಈ ಕಾರ್ಯದಲ್ಲಿ ವಿದ್ಯಾಸಂಸ್ಥೆಗಳಿಗೂ ಪಾಲುಂಟು. ಸಮೀಕ್ಷೆಯೆಂಬುದು ದೊಡ್ಡ ವಿದ್ಯೆಯಲ್ಲ. ಪ್ರೌಢಶಾಲೆಯ ವಿದ್ಯಾರ್ಥಿಗಳು ಉಪಾಧ್ಯಾಯರ ಮಾರ್ಗದರ್ಶನದಲ್ಲಿ ಮಾಡಬಹುದಾದುದು. ಬೀದಿಯ ಉದ್ದಗಲ ಅಳೆದು ಪ್ರಮಾಣಬದ್ಧ ನಕ್ಷೆ ಬರೆಯುವುದು ಗಣಿತ. ನೀರು ಹರಿಯುವ ದಿಕ್ಕನ್ನು ಗುರುತಿಸುವುದು ಭೂಗೋಳ. ಹಿರಿಯ ವರ್ತಕರಿಂದ ಪೇಟೆಯ ಹಳೆಯ ಕಥೆಯನ್ನು ಬರೆದುಕೊಳ್ಳುವುದು ಚರಿತ್ರೆ. ವಾರ್ಡು ಸಮಿತಿಗೆ ಅರ್ಜಿ ಬರೆಯುವುದು ಕನ್ನಡ ಮತ್ತು ಪೌರನೀತಿ. ಪುಸ್ತಕದಲ್ಲಿ ಬೇರೆ ಬೇರೆಯಾಗಿದ್ದ ಪಾಠಗಳು ಬೀದಿಯಲ್ಲಿ ಒಂದಾಗುತ್ತವೆ. ಮಕ್ಕಳು ಕೇಳಿದರೆ ಉತ್ತರಿಸದವರು ಕಡಿಮೆ; ಹಮಾಲಿಯೂ ಹೇಳುವನು, ಸಾಹುಕಾರನೂ ಹೇಳುವನು.

ಅಂತೆಯೇ ಹಳೆಯ ವಿದ್ಯಾರ್ಥಿಗಳಲ್ಲಿ ಇಂಜಿನಿಯರರು, ವಕೀಲರು, ವರ್ತಕರು ಇರುತ್ತಾರೆ. ಅಂದಾಜುಪಟ್ಟಿಯನ್ನು ಸರಳ ಕನ್ನಡದಲ್ಲಿ ಬಿಡಿಸಿ ಹೇಳುವುದು, ಕರಡು ಯೋಜನೆಗೆ ಆಕ್ಷೇಪಣೆ ಸಲ್ಲಿಸುವ ಅವಧಿಯನ್ನು ನೆನಪಿಸುವುದು, ಗುರುತುಪತ್ರವಿಲ್ಲದ ಬೀದಿ ವ್ಯಾಪಾರಿಗೆ ಅರ್ಜಿ ತುಂಬಿಕೊಡುವುದು ಇವು ಹಣವನ್ನು ಬೇಡದ ದಾನಗಳು. ದಾನಿಗಳೂ ಒಂದು ನೀರಿನ ತೊಟ್ಟಿಗೆ, ಒಂದು ನೆರಳಿನ ಮರಕ್ಕೆ, ಹೆಂಗಸರ ಶೌಚಾಲಯವೊಂದರ ನಿತ್ಯ ನಿರ್ವಹಣೆಗೆ ನೆರವಾದರೆ, ಅದು ಕಲ್ಲಿನಲ್ಲಿ ಕೆತ್ತಿಸಿದ ಹೆಸರಿಗಿಂತ ಬಹುಕಾಲ ಉಳಿಯುವ ಸೇವೆ.

ಗಾಂಧೀಜಿಯವರು 1927ರಲ್ಲಿ ಶಿವಮೊಗ್ಗಕ್ಕೆ ಬಂದಿದ್ದರು. ಕೈಗೊಳ್ಳುವ ಕಾರ್ಯವು ತಾನು ಕಂಡ ಕಡುಬಡವನಿಗೆ ಉಪಯೋಗವಾಗುವುದೋ ಎಂದು ಕೇಳಿಕೊಳ್ಳಬೇಕೆಂಬುದು ಅವರು ಬಿಟ್ಟುಹೋದ ಅಳತೆಗೋಲು. ಅವರ ಹೆಸರನ್ನು ಹೊತ್ತ ಬಜಾರಿನಲ್ಲಿ ಮುಂದೆ ಎಂದಾದರೂ ನಕ್ಷೆ ಬರೆಯುವ ಸಂದರ್ಭ ಬಂದಾಗ, ಮೊದಲ ಗೆರೆಗೆ ಮೊದಲು ಎಣಿಕೆಯ ಪುಸ್ತಕ ತೆರೆಯಲಿ. ಅದರ ಮೊದಲ ಪುಟದಲ್ಲಿ ಬಾಗಿಲ ಸಂಖ್ಯೆಯಿಲ್ಲದವರ ಹೆಸರುಗಳು ಇರಲಿ.